ಬನಶಂಕರಿಗೆಂದು ಹೊರಟು ಹಾಜರಾಬಿಯನ್ನು ಕಂಡದ್ದು

ಹರಿಹರ

ತುಂಗಭದ್ರೆಯ ಸೇತುವೆಯ ಮೇಲೆ ರೈಲು ನಿಧಾನವಾದಾಗ ನನ್ನ ತಮ್ಮ ಶಾಮಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕ, ಇಲ್ಲಿಗೆ ಮಹಾರಾಜರ ಸೀಮೆ ಮುಗಿಯಿತು" ಎಂದ. ಹೊಳೆಯಾಚೆಯದು ಇಂಗ್ಲಿಷರ ಸೀಮೆ. ತುಮಕೂರಿನ ನಮ್ಮ ಬೀದಿಯ ಹೆಂಗಸರಿಗೆ ಅದು ಪರದೇಶವೇ. ಹೊರಡುವ ಮುನ್ನ ಪಕ್ಕದ ಮನೆಯವರು, "ಅಲ್ಲಿಯ ಮಾತು ನಿಮಗೆ ತಿಳಿಯುತ್ತದೆಯೇ?" ಎಂದು ಕೇಳಿದ್ದರು. ತಿಳಿಯುತ್ತದೆ, ಅದೂ ಕನ್ನಡವೇ ಅಲ್ಲವೇ ಎಂದಿದ್ದೆ. ಅಷ್ಟು ಸುಲಭವಾಗಿರಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹದಿನಾರಕ್ಕೆ ವಿಧವೆಯಾದೆ. ಅಣ್ಣತಮ್ಮಂದಿರ ಮನೆಯಲ್ಲಿ ಹತ್ತು ವರ್ಷ ಅಡಿಗೆ ಮಾಡಿ, ಆಮೇಲೆ ಹಟ ಹಿಡಿದು ಹೆರಿಗೆಯ ಕೆಲಸ ಕಲಿತೆ. ಇಪ್ಪತ್ತು ವರ್ಷದಿಂದ ತುಮಕೂರಿನ ಆಸ್ಪತ್ರೆಯಲ್ಲಿ ಸೂಲಗಿತ್ತಿ. ಈಗ ನಲವತ್ತೇಳು. ಮೊಣಕಾಲು ನೋವು, ನಿದ್ದೆ ಇಲ್ಲ, ಎದ್ದರೆ ಆಯಾಸ, ಕೂತರೆ ಆಯಾಸ. ಐದು ತಿಂಗಳಿಂದ ಮುಟ್ಟು ನಿಂತಿತ್ತು. ಇನ್ನು ಆ ಕಾಟ ಮುಗಿಯಿತು, ಮನೆದೇವರು ಬನಶಂಕರಿಗೆ ಹೊತ್ತ ಹಳೆಯ ಹರಕೆ ತೀರಿಸೋಣ ಎಂದುಕೊಂಡೆ. ಶಾಮಣ್ಣ ಇಳಕಲ್ಲಿನ ನೇಕಾರರಿಗೆ ರೇಷ್ಮೆ ನೂಲು ಕೊಡುವ ವ್ಯಾಪಾರದಲ್ಲಿದ್ದಾನೆ. ವರ್ಷಕ್ಕೊಮ್ಮೆ ಆ ಕಡೆ ಹೋಗುತ್ತಾನೆ. ಈ ಸಲ ನನ್ನನ್ನೂ ಕರೆದುಕೊಂಡ.

ಪ್ಲೇಗಿನ ದಿನಗಳು. ಸೇತುವೆಗೆ ಮುಂಚೆ ಹರಿಹರದಲ್ಲೇ ಎಲ್ಲರನ್ನೂ ಇಳಿಸಿದ್ದರು. ಹೆಂಗಸರಿಗೆ ತಟ್ಟಿಯ ಮರೆ ಕಟ್ಟಿತ್ತು. ಒಳಗೆ ದಪ್ಪನೆಯ ಹೆಂಗಸೊಬ್ಬಳು ನನ್ನ ಕಂಕುಳನ್ನು ಹಿಸುಕಿ, ತೊಡೆಯ ಸಂದಿಯನ್ನು ಮುಟ್ಟಿ, "ಹೋಗು" ಎಂದಳು. ಎಷ್ಟೋ ಸಾವಿರ ಹೆಂಗಸರ ಮೈ ಮುಟ್ಟಿದ ಕೈ ನನ್ನದು. ನನ್ನ ಮೈಯನ್ನು ಇನ್ನೊಬ್ಬರು ಹೀಗೆ ಮುಟ್ಟಿ ಮೂವತ್ತು ವರ್ಷವಾಗಿರಬೇಕು. ರೈಲು ಹತ್ತಿದ ಮೇಲೂ ಬಹಳ ಹೊತ್ತು ಮುಖ ಸುಡುತ್ತಿತ್ತು.

ಬಾದಾಮಿ

ಬಾದಾಮಿಯ ಸ್ಟೇಷನ್ನಿನಿಂದ ಊರಿಗೆ ಟಾಂಗಾದಲ್ಲಿ ಹೋಗುವಾಗ ಸೊಂಟದಲ್ಲಿ ಹಳೆಯ ಪರಿಚಯದ ನೋವು ಕಾಣಿಸಿತು. ಕೆಂಪು ಕಲ್ಲಿನ ಗುಡ್ಡಗಳು ಕಾಣುವ ಹೊತ್ತಿಗೆ ಅನುಮಾನವೇ ಉಳಿಯಲಿಲ್ಲ. ನಾವು ಇಳಿಯಬೇಕಿದ್ದದ್ದು ಒಬ್ಬ ಪುರೋಹಿತರ ಮನೆಯಲ್ಲಿ. ನಾನು ಟಾಂಗಾದಿಂದ ಇಳಿದು ಅಂಗಳದಲ್ಲೇ ನಿಂತುಬಿಟ್ಟೆ. ಅವರ ಹೆಂಡತಿ ರಮಾಬಾಯಿ ಹೊಸ್ತಿಲಿನಿಂದಲೇ ಕೇಳಿದರು:

"ಯಾಕ್ರಿ, ಅಲ್ಲೇ ನಿಂತ್ರಿ? ಕಡಿಗಾದಿರೇನು?"

ಆ ಮಾತು ನಾನು ಕೇಳಿರಲಿಲ್ಲ. ಕಡೆಗೆ ಏನಾಯಿತು ಎಂದು ಕೇಳುತ್ತಿದ್ದಾರೇನೋ ಎಂದುಕೊಂಡು, "ಇನ್ನೂ ಕಡೆಗೆ ಏನೂ ಆಗಿಲ್ಲ, ಈಗ ತಾನೇ ಶುರುವಾಯಿತು" ಎಂದೆ. ಅವರು ನಕ್ಕರು. ಹೊರಗಾಗುವುದಕ್ಕೆ ಅವರ ಕಡೆಯ ಮಾತು ಅದು. ನಕ್ಕು ಮುಗಿದ ಮೇಲೆ ಪಾಪ ಅನಿಸಿತೇನೋ, "ಅಯ್ಯ, ದೇವಿ ಬಾಗಲಿಗೆ ಬಂದು ಹಿಂಗಾತಲ್ರಿ. ಹಿತ್ತಲದಾಗ ಖೋಲಿ ಅದ, ಅಲ್ಲೆ ಇರ್ರಿ" ಎಂದರು.

ಹಿತ್ತಲಿನ ಆ ಕೋಣೆಗೆ ಒಂದು ಚಾಪೆ, ಒಂದು ತಂಬಿಗೆ. ಬಾಗಿಲಿಗೆ ಎದುರಾಗಿ ಕೆಂಪು ಬಂಡೆ, ಬಂಡೆಯ ತುಂಬ ಮಂಗಗಳು. ಮೊದಲ ದಿನ ರಮಾಬಾಯಿ ಊಟದ ಎಲೆಯನ್ನು ದೂರದ ಕಲ್ಲಿನ ಮೇಲಿಟ್ಟು ಹೋದರು. ನಾನು ಮೊಣಕಾಲು ಹಿಡಿದುಕೊಂಡು ಎದ್ದು ಅಲ್ಲಿಗೆ ಹೋಗುವಷ್ಟರಲ್ಲಿ ಒಂದು ಗಡವ ಇಳಿದು ಬಂದು ಎಲೆಯ ಮುಂದೆ ಕೂತಿತ್ತು. ನನ್ನ ಕಡೆ ನೋಡುತ್ತಲೇ ಒಂದೊಂದಾಗಿ ಎಲ್ಲವನ್ನೂ ತಿಂದಿತು. ಒಳಗಿದ್ದವರನ್ನು ಕೂಗಿ ಮತ್ತೆ ಬಡಿಸಿ ಎನ್ನುವುದಕ್ಕೆ ನಾಚಿಕೆ. ಆ ಹೊತ್ತು ನೀರು ಕುಡಿದು ಮಲಗಿದೆ.

ಊರಿನಲ್ಲಿ ನಾನೂ ಇದನ್ನೆಲ್ಲ ಪಾಲಿಸಿದವಳೇ. ಆಸ್ಪತ್ರೆಯಲ್ಲಿ ಇಡೀ ದಿನ ಎಲ್ಲ ಜಾತಿಯ ಹೆಂಗಸರ ರಕ್ತದಲ್ಲಿ ಮೊಣಕೈವರೆಗೆ ಮುಳುಗಿ, ಸಂಜೆ ಮನೆಗೆ ಬಂದು ನನ್ನದೇ ಮೂರು ದಿನಕ್ಕೆ ಮೂಲೆ ಹಿಡಿಯುತ್ತಿದ್ದೆ. ಅದರಲ್ಲಿ ವಿಚಿತ್ರವೇನಿದೆ ಎಂದು ಯಾವತ್ತೂ ಅನಿಸಿರಲಿಲ್ಲ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡೆ. ರಕ್ತ ಮಾತ್ರ ನಿಲ್ಲಲಿಲ್ಲ. ಇನ್ನೂ ಹರಿಯುತ್ತಿರುವಾಗ ಗುಡಿಗೆ ಹೋಗುವುದು ಬೇಡ ಎಂದು ಪುರೋಹಿತರು ಒಳಗಿನಿಂದಲೇ ಹೇಳಿ ಕಳಿಸಿದರು. ಶಾಮಣ್ಣನಿಗೆ ಇಳಕಲ್ಲಿನಲ್ಲಿ ಕಾಯುವವರಿದ್ದರು. ಐದನೆಯ ದಿನ ಹೊರಟೆವು. ಬನಶಂಕರಿಯ ಗುಡಿ ಅಲ್ಲಿಂದ ಮೂರು ಮೈಲಿಯಂತೆ. ನಾನು ಗಾಡಿಯಲ್ಲಿ ಕೂತು ಆ ದಿಕ್ಕಿಗೆ ಕೈ ಮುಗಿದೆ, ಅಷ್ಟೇ.

ಗುಡೂರು

ಎತ್ತಿನ ಗಾಡಿಯ ಎರಡು ಹಗಲಿನ ದಾರಿ. ಜೋಳ ಕೊಯ್ದ ಎರೆ ಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ನಮ್ಮ ಕಡೆಯ ಹಾಗೆ ಗಳಿಗೆಗೊಂದು ತೋಪು, ಕೆರೆ ಇಲ್ಲ. ಅಡಿಗೆ ನಾನು ಮಾಡುವಂತಿಲ್ಲ, ಶಾಮಣ್ಣನಿಗೆ ಬರುವುದಿಲ್ಲ. ಅವನು ಬೇಯಿಸಿದ ಅನ್ನ ಒಂದು ಕಡೆ ಸೀದು ಇನ್ನೊಂದು ಕಡೆ ಅಕ್ಕಿಯಾಗಿತ್ತು.

ಗುಡೂರಿನಲ್ಲಿ ಒಬ್ಬ ಲಿಂಗಾಯತ ರೈತರ ಮನೆಯಲ್ಲಿ ತಂಗಿದೆವು. ಮನೆಯ ಯಜಮಾನಿ ನೀಲವ್ವ, ಹೆಚ್ಚುಕಡಿಮೆ ನನ್ನದೇ ವಯಸ್ಸು, ಉದ್ದನೆಯ ಹೆಂಗಸು. ನಾನು ಹೊರಗಿನ ಕಟ್ಟೆಯ ತುದಿಯಲ್ಲಿ ಕೂತದ್ದನ್ನು ನೋಡಿ ಬಂದಳು.

"ಯಾಕ್ರೀ ಯವ್ವಾ, ಬಿಸಲಾಗ ಕುಂತೀರಿ? ಒಳಗ ಬರ್ರಿ."

ಹೀಗೆ ಎಂದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಕೈ ಬೀಸಿದಳು.

"ಅದಕ್ಕೇನ್ರಿ? ನಮ್ಮೊಳಗ ಅದು ಮೈಲಿಗಿ ಅಲ್ಲ. ಬಸವಣ್ಣ ತಗದು ಒಗದಾನ. ಕೊರಳಾಗ ಲಿಂಗ ಐತಿ, ದಿನಾ ಪೂಜಿ ಮಾಡ್ತೇನಿ. ಮುಟ್ಟಾದ್ರೂ ಮಾಡ್ತೇನಿ, ಬಿಟ್ರೂ ಮಾಡ್ತೇನಿ. ಬರ್ರಿ."

ಕೈ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು. ಮಣ್ಣಿನ ಗೋಡೆಯ ತಂಪಾದ ಪಡಸಾಲೆ. ಗೋಡೆಗೆ ಒರಗಿ ಕೂತಾಗ ಐದಾರು ದಿನದಿಂದ ಬಿಗಿದಿದ್ದ ಬೆನ್ನು ಸಡಿಲವಾಯಿತು. ಎಷ್ಟು ಒಳ್ಳೆಯ ಪದ್ಧತಿ, ಈ ಮನೆಯಲ್ಲಿ ಹುಟ್ಟಿದವಳೇ ಪುಣ್ಯವಂತೆ ಎಂದು ನಾನು ಹೇಳಿದೆ. ನೀಲವ್ವ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ಜೋಳ ಹಾಕುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ಪುಣ್ಯೇನೋ ಹೌದ್ರಿ. ಆದ್ರ ನಿಮಗ ಮೂರು ದಿನಾ ಕುಂಡ್ರಾಕ ಸಿಗತೈತಿ. ನನಗ ಆ ಮೂರು ದಿನಾನೂ ಇದ ಕಲ್ಲು. ಒಳಗಿಂದ ಕಿತ್ತು ಬಂದಂಗ ಆದ್ರೂ ಬೀಸಬೇಕು. ಮೈಲಿಗಿ ಇಲ್ಲಂದಮ್ಯಾಲ ಬ್ಯಾನೀನೂ ಇಲ್ಲ ಅಂತಾರ ನಮ್ಮ ಗಂಡಸರು."

ಆಕೆ ಕಲ್ಲು ತಿರುಗಿಸುತ್ತಲೇ ತಗ್ಗಿದ ದನಿಯಲ್ಲಿ ಮುಂದುವರಿಸಿದಳು. "ಈಗ ವರ್ಷಾತು ಸರಿಯಾಗಿ ಆಗವಲ್ತು. ಕುಂತ ಕುಂತಲ್ಲೇ ಮೈಯಾಗ ಉರಿ ಎದ್ದು ಕುತ್ತಿಗಿತನ ಬರತೈತಿ. ಬೆವತು ತೊಪ್ಪಿ ಆಗತೇನಿ. ಯಾರಿಗಿ ಹೇಳಲಿ? ದೆವ್ವ ಬಡದೈತಿ ಅಂತಾರ. ನಿಮಗೂ ಹಿಂಗ ಆಗತೈತೇನ್ರಿ?"

"ಆಗುತ್ತದೆ ಕಣಮ್ಮ. ಹೀಗೇ ಆಗುತ್ತದೆ. ಇದು ದೆವ್ವ ಅಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ನಮ್ಮೆಲ್ಲರಿಗೂ ಬರುತ್ತದೆ, ಒಂದೆರಡು ವರ್ಷದಲ್ಲಿ ಹೋಗುತ್ತದೆ" ಎಂದೆ.

ನೀಲವ್ವ ಆಗ ಕಲ್ಲು ನಿಲ್ಲಿಸಿದಳು. "ಖರೇನಾ?" ಎಂದಳು. ಎರಡು ಸಲ ಕೇಳಿದಳು.

ಇಳಕಲ್ಲು

ಇಳಕಲ್ಲಿನ ಬೀದಿಗಳಲ್ಲಿ ಮಗ್ಗದ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದಿಲ್ಲ. ಶಾಮಣ್ಣನ ನೂಲಿಗೆ ಬಣ್ಣ ಹಾಕುತ್ತಿದ್ದವರು ಖಾದರಸಾಬರು. ಮೊಣಕೈವರೆಗೂ ಅವರ ಕೈ ಕೆಂಪು. ಸಾಬೂನಿಗೂ ಹೋಗದ ಕೆಂಪು. ಅವರ ಮನೆಯ ಎದುರಿಗೆ ನಮಗೊಂದು ಖಾಲಿ ಕೋಣೆ ಕೊಡಿಸಿದ್ದರು.

ನಾನು ಮಲಗಿಯೇ ಇದ್ದೆ. ಏಳನೆಯ ದಿನವೂ ರಕ್ತ ನಿಂತಿರಲಿಲ್ಲ. ಶಾಮಣ್ಣನಿಗೆ ದಾರಿಯ ಆಯಾಸ ಎಂದಿದ್ದೆ. ಗಂಡಸು, ತಮ್ಮ ಬೇರೆ, ಏನೆಂದು ಹೇಳುವುದು? ಮರುದಿನ ಮಧ್ಯಾಹ್ನ ಮೈತುಂಬ ಚಾದರ ಹೊದ್ದ ಹೆಂಗಸೊಬ್ಬಳು ಬಂದು ಬಾಗಿಲು ಮುಂದೆ ಮಾಡಿ ಕೂತಳು. ಖಾದರಸಾಬರ ಹೆಂಡತಿ ಹಾಜರಾಬಿ. ಐವತ್ತು ದಾಟಿದ, ಬಿಳಚಿಕೊಂಡ ಮುಖ.

"ನೀವು ಮೈಸೂರ ಸೀಮ್ಯಾಗ ಬಾಣಂತಿತನಾ ಮಾಡೋ ಬಾಯಾರಂತ. ಒಂದು ಮಾತು ಕೇಳಬೇಕಿತ್ರಿ" ಎಂದಳು. ಚಾದರದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ನೆಲ ನೋಡುತ್ತ ಹೇಳಿದಳು: "ಆರು ವರ್ಷದ ಹಿಂದ ನಿಂತಿತ್ರಿ. ಹ್ವಾದ ವರ್ಷದಿಂದ ಮತ್ತ ಶುರು ಆಗೈತಿ. ಒಂದು ವಾರ ನಿಂತ್ರ ಎರಡು ವಾರ ಇರತೈತಿ. ವಾಸನಿ ಬರತೈತಿ."

ನಿಂತು ಹೋದದ್ದು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡರೆ ಏನೆಂದು ನನಗೆ ಗೊತ್ತು. "ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲವೇ?" ಎಂದೆ.

"ರಂಗಿನ ಮನಿ ಐತ್ರಿ. ಹಿತ್ತಲದಾಗ ಯಾವಾಗಲೂ ಕೆಂಪು ನೀರು ಹರೀತಾವ, ಕೆಂಪು ಅರಿವಿ ಒಣಗತಾವ. ಅದರಾಗ ನನ್ನವು ಯಾರು ನೋಡ್ತಾರ?"

ಅಳಲಿಲ್ಲ. ಇದನ್ನೆಲ್ಲ ಬೇರೆ ಯಾರದ್ದೋ ಸುದ್ದಿ ಎಂಬಂತೆ ಹೇಳಿದಳು. ಕಣ್ಣು ತುಂಬಿದ್ದು ಮುಂದಿನ ಮಾತಿಗೆ. "ವರ್ಷಾತು, ನಮಾಜ್ ಬಿಟ್ಟೇನ್ರಿ. ರೋಜಾನೂ ಬಿಟ್ಟೇನಿ. ಮುಟ್ಟಿನ್ಯಾಗ ಮಾಡಬಾರದಲ್ಲ. ಮನಿಯಾಗ ಸೊಸಿ ಅಂತಾಳ, ಅತ್ತಿಗೆ ಮುಪ್ಪಿನ್ಯಾಗ ಸೊಕ್ಕು ಬಂತು, ಅಲ್ಲಾನ್ನ ಮರತ್ಲು ಅಂತ. ನಾ ಏನ ಹೇಳಲಿ? ಖಾಜಿ ಅವರ ಮುಂದ ಇಂಥಾ ಮಾತು ಆಡಾಕ ಬರತೈತೇನು?"

ದವಾಖಾನೆಗೆ ಯಾಕೆ ಹೋಗಲಿಲ್ಲ ಎಂದು ಕೇಳಲಿಲ್ಲ. ಹತ್ತಿರದ ದವಾಖಾನೆಯಲ್ಲಿ ಗಂಡು ಡಾಕ್ಟರು. ತುಮಕೂರಿನಲ್ಲೂ ನನ್ನ ಹತ್ತಿರ ಬರುವ ಮುಸಲ್ಮಾನ ಹೆಂಗಸರು ನಾನಿರುವ ದಿನ ಮಾತ್ರ ಬರುತ್ತಾರೆ. "ಬಾಗಲಕೋಟೆಗೆ ಹೋಗೋಣ. ನಾನು ಪಕ್ಕದಲ್ಲೇ ಇರುತ್ತೇನೆ. ಡಾಕ್ಟರು ನಿಮ್ಮ ಮುಖ ನೋಡದ ಹಾಗೆ ಮಾಡುತ್ತೇನೆ" ಎಂದೆ. ಹೇಗೂ ನಾವು ರೈಲು ಹತ್ತಬೇಕಾದದ್ದು ಅಲ್ಲಿಯೇ. ಖಾದರಸಾಬರಿಗೆ ಹೊಟ್ಟೆಬೇನೆ ಎಂದಷ್ಟೇ ಹೇಳಿದೆವು. ಅವರು ಆಗಲೇ ಗಾಡಿಗೆ ಪರದೆ ಕಟ್ಟಿಸಿದರು.

ಹುನಗುಂದ

ಪರದೆಯ ಗಾಡಿಯೊಳಗೆ ನಾವಿಬ್ಬರು, ಹಿಂದಿನ ಗಾಡಿಯಲ್ಲಿ ಗಂಡಸರು. ಪ್ರತಿ ಕಲ್ಲು ನೆಗೆದಾಗಲೂ ಇಬ್ಬರೂ ಒಟ್ಟಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು.

ಹುನಗುಂದದ ಹತ್ತಿರ ಹಳ್ಳದಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಗಂಡಸರನ್ನು ಎತ್ತುಗಳ ಜೊತೆ ದೂರ ಕಳಿಸಿ, ಬಟ್ಟೆ ಒಗೆಯಲು ಕೂತೆವು. ನಾನು ಕೆಳಗಿನ ಕಲ್ಲಿಗೆ ಹೋದೆ, ಆಕೆ ನೋಡಬಾರದೆಂದು. ಹಾಜರಾಬಿ ಅಲ್ಲಿಗೇ ಬಂದಳು. ನನ್ನ ಮುಂದಿನ ಗುಡ್ಡೆ ನೋಡಿದಳು, ನೀರಿನ ಬಣ್ಣ ನೋಡಿದಳು.

"ಬಾಯಾರ, ನಿಮ್ಮವು ನನ್ನಕಿಂತ ಭಾಳ ಅದಾವಲ್ಲ. ಎಷ್ಟು ದಿನಾತು?"

"ಒಂಬತ್ತು. ಈ ವಯಸ್ಸಿಗೆ ಹೀಗಾಗುತ್ತದೆ. ಏನೂ ಇಲ್ಲ" ಎಂದೆ. ನನ್ನ ಹತ್ತಿರ ಬಂದ ಎಷ್ಟು ಹೆಂಗಸರು ಇದೇ ಮಾತು ಹೇಳಿದ್ದಾರೆ, ನಾನು ಎಷ್ಟು ಜನರನ್ನು ಗದರಿಸಿದ್ದೇನೆ.

ಆಕೆ ನನ್ನ ಕೈಯಿಂದ ಅರ್ಧ ಬಟ್ಟೆ ತೆಗೆದುಕೊಂಡು ತಾನೇ ಒಗೆಯತೊಡಗಿದಳು. ಬೇಡ ಎನ್ನಲು ಬಾಯಿ ತೆರೆದೆ. ನನ್ನ ಬಟ್ಟೆಯನ್ನು ಮತ್ತೊಬ್ಬರು, ಅದೂ ಬೇರೆ ಜಾತಿಯವರು ಮುಟ್ಟುವುದೆಂದರೇನು? ಆದರೆ ತೋಳಿನಲ್ಲಿ ಶಕ್ತಿ ಇರಲಿಲ್ಲ. ಕಲ್ಲಿಗೆ ಒರಗಿ ಕೂತು ಆಕೆ ಒಗೆಯುವುದನ್ನು ನೋಡಿದೆ.

ಬಾಗಲಕೋಟೆ

ಹನ್ನೊಂದನೆಯ ದಿನ ಬೆಳಿಗ್ಗೆ ಊರು ಮುಟ್ಟಿದೆವು. ಡಾಕ್ಟರರು ವಯಸ್ಸಾದವರು, ಕೊಂಕಣದ ಕಡೆಯವರು, ಮರಾಠಿ ಬೆರೆತ ಕನ್ನಡ. ನಾನು ನನ್ನ ಕೆಲಸ ಹೇಳಿಕೊಂಡೆ. ಅವರು ಬೇಸರಪಡದೆ ಕಿಟಕಿಯ ಸರಳಿಗೂ ಬೀರುವಿಗೂ ಒಂದು ಹೊದಿಕೆ ಕಟ್ಟಿಸಿ ಆಚೆ ಕುರ್ಚಿ ಹಾಕಿಕೊಂಡು ಕೂತರು. ಈಚೆ ಬೆಂಚಿನ ಮೇಲೆ ಹಾಜರಾಬಿ, ಪಕ್ಕದಲ್ಲಿ ನಾನು. ಅವರು ಕೇಳಿದ್ದನ್ನು ನಾನು ಆಕೆಗೆ ಪಿಸುಗುಟ್ಟುವುದು, ಆಕೆ ಪಿಸುಗುಟ್ಟಿದ್ದನ್ನು ನಾನು ಆಚೆಗೆ ಹೇಳುವುದು. ಪರಗಂಡಸಿನ ಕಿವಿಗೆ ತನ್ನ ದನಿ ಬೀಳಬಾರದೆಂದು ಆಕೆ ಕೆಮ್ಮನ್ನೂ ಸೆರಗಿನಲ್ಲಿ ಅದುಮುತ್ತಿದ್ದಳು.

"ನೀವೇ ತಪಾಸಣಿ ಮಾಡ್ರಿ. ಕೈಗೆ ಏನು ಹತ್ತತದ ಹೇಳ್ರಿ" ಎಂದರು ಡಾಕ್ಟರರು.

ಕೈ ತೊಳೆದು ನೋಡಿದೆ. ಗರ್ಭಕೋಶದ ಬಾಯಿ ಇರಬೇಕಾದ ಕಡೆ ಒರಟಾದ, ಗಟ್ಟಿ ಗಡ್ಡೆ. ಮುಟ್ಟಿದರೆ ಪುಡಿಯಾಗಿ ರಕ್ತ. ಪಕ್ಕಕ್ಕೂ ಹಬ್ಬಿತ್ತು. ಹೊದಿಕೆಯ ಈಚೆಯಿಂದಲೇ ಹೇಳಿದೆ. ಆಚೆ ಡಾಕ್ಟರರು ಕನ್ನಡಕ ತೆಗೆದಿಟ್ಟ ಸದ್ದಾಯಿತು.

"ವರ್ಷದ ಹಿಂದ ಬಂದಿದ್ರ ಪುಣೆ ಕಡೆ ಹೆಣ್ಣು ಡಾಕ್ಟರ್ ಹತ್ರ ಕಳಿಸ್ತಿದ್ದೆ. ಒಂದು ಪ್ರಯತ್ನ ಅಂತ. ಈಗ ನೋವು ಕಡಿಮಿ ಆಗೋ ಔಷಧ ಕೊಡ್ತೇನಿ" ಎಂದರು.

ಹಾಜರಾಬಿ ನನ್ನ ಕೈ ಹಿಡಿದಳು. "ಖರೆ ಹೇಳ್ರಿ ಬಾಯಾರ."

ಹೇಳಿದೆ. ಒಳಗೆ ಹುಣ್ಣಾಗಿದೆ, ವಾಸಿಯಾಗುವ ಹುಣ್ಣಲ್ಲ, ಈ ವರ್ಷವಿಡೀ ಹೋದ ರಕ್ತ ಅದರದ್ದೇ ಎಂದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಂಗಾದ್ರ ಇದು ಮುಟ್ಟಲ್ಲ?"

"ಅಲ್ಲ."

"ಒಂದ ದಿನಾನೂ ಮುಟ್ಟಾಗಿದ್ದಿಲ್ಲ?"

"ಒಂದು ದಿನವೂ ಇಲ್ಲ."

"ಬಾಗಲಾ ತಗದ ಇತ್ತು" ಎಂದಳು ಹಾಜರಾಬಿ, ತನಗೆ ತಾನೇ. "ನಾನ ಹೊರಗ ನಿಂತಿದ್ದೆ."

ನನಗೆ ಅಲ್ಲಿ ಕೂರಲಾಗಲಿಲ್ಲ. ಕೈ ತೊಳೆಯಲೆಂದು ಎದ್ದೆ. ಕಣ್ಣು ಕತ್ತಲೆ ಬಂದು ಹೊದಿಕೆಯನ್ನೇ ಹಿಡಿದುಕೊಂಡೆ. ಆಚೆಯಿಂದ ಡಾಕ್ಟರರು, "ಏನಾತು?" ಎಂದು ಕೇಳಿದರು. "ಏನೂ ಇಲ್ಲ, ಆಯಾಸ" ಎಂದೆ. ಆಗ ನನ್ನ ಬೆನ್ನ ಹಿಂದಿನಿಂದ, ಕೋಣೆಗೆಲ್ಲ ಕೇಳುವ ಹಾಗೆ, ಹಾಜರಾಬಿ ಮಾತಾಡಿದಳು.

"ಸಾಹೇಬ್ರ, ಸುಳ್ಳು ಹೇಳ್ತಾರ ಇವರು. ಹನ್ನೊಂದು ದಿನಾತು ಇವರಿಗೂ ರಕ್ತ ಹೋಗಾಕತ್ತು. ಗಡಿಗಿ ಗಡಿಗಿ ಹೋಗಾಕತ್ತೈತಿ. ಇವರನ್ನೂ ನೋಡ್ರಿ."

ಹೊರಗಿನ ಬೆಂಚಿನಲ್ಲಿದ್ದ ಶಾಮಣ್ಣನಿಗೂ ಖಾದರಸಾಬರಿಗೂ ಅದು ಕೇಳಿಸಿತು. ನಾನು ನಾಚಿಕೆಯಿಂದ ಕುಸಿದು ಕೂತೆ. ಡಾಕ್ಟರರು ಒಂದೊಂದಾಗಿ ಕೇಳಿದರು. ಗಡ್ಡೆ ಗಡ್ಡೆಯಾಗಿ ಹೋಗುತ್ತದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಕೇಳಿದ್ದನ್ನೆಲ್ಲ ಹಾಜರಾಬಿ ನನಗೆ ಮತ್ತೆ ಮೆಲ್ಲಗೆ ಕೇಳಿ, ನಾನು ತಲೆ ಆಡಿಸಿದ್ದನ್ನು ಆಚೆಗೆ ಕೂಗಿ ಹೇಳಿದಳು. ಕಬ್ಬಿಣದ ಔಷಧ, ರಕ್ತ ಕಟ್ಟುವ ಔಷಧ ಕೊಟ್ಟು, ಮೂರು ದಿನ ಅದೇ ಊರಿನಲ್ಲಿ ಮಲಗಿರಬೇಕೆಂದರು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ರೈಲಿನಲ್ಲೇ ಹೋಗುತ್ತಿದ್ದಿರಿ ಎಂದೂ ಹೇಳಿದರು. ಶಾಮಣ್ಣ ಅಂದು ಬಾಗಿಲಲ್ಲಿ ನಿಂತು, "ನನಗ್ಯಾಕೆ ಹೇಳಲಿಲ್ಲ ಅಕ್ಕ?" ಎಂದು ಅತ್ತುಬಿಟ್ಟ.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ರಕ್ತ ನಿಂತಿತು. ಎರಡು ತಿಂಗಳು ಮಲಗಿ ಎದ್ದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಹಾಜರಾಬಿ ಆ ಶ್ರಾವಣ ದಾಟಲಿಲ್ಲ. ಕೊನೆಕೊನೆಗೆ ಮಲಗಿದಲ್ಲಿಯೇ, ಕಣ್ಣಿನ ಸನ್ನೆಯಲ್ಲಿ ನಮಾಜು ಮಾಡುತ್ತಿದ್ದಳೆಂದು ಆಮೇಲೆ ಆ ಕಡೆ ಹೋಗಿ ಬಂದ ಶಾಮಣ್ಣ ತಿಳಿಸಿದ.

ಆ ದಿನ ದವಾಖಾನೆಯಿಂದ ಹೊರಗೆ ಬಂದಾಗ ಖಾದರಸಾಬರು ಬೇವಿನ ಮರದ ಕೆಳಗೆ ನಿಂತಿದ್ದರು. ಈಗ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನೇ ಎಲ್ಲವನ್ನೂ ಹೇಳಿದೆ. ಅವರು ಕೆಂಪು ಕೈಗಳನ್ನು ನೋಡಿಕೊಳ್ಳುತ್ತ ಕೇಳಿದರು. ಹೆಂಡತಿಯ ನಮಾಜಿನ ಮಾತು ಬಂದಾಗ ತಲೆ ಎತ್ತಿದರು.

"ಬ್ಯಾನಿ ರಕ್ತಕ್ಕ ನಮಾಜ್ ತಪ್ಪಸೂದಿಲ್ರಿ. ಹೊತ್ತ ಹೊತ್ತಿಗೆ ಹೊಸದಾಗಿ ವಜೂ ಮಾಡಿ ಓದಬೇಕು. ನಮ್ಮಪ್ಪ ಹೇಳತಿದ್ದ. ನನಗ ಗೊತ್ತಿತ್ತು." ಆಮೇಲೆ ಹೆಂಡತಿಯ ಕಡೆ ತಿರುಗಿ, "ಒಂದ ಮಾತು ನನ್ನ ಕೇಳಿದ್ರ ಆಗತಿತ್ತಲ್ಲ" ಎಂದರು. ಹಾಜರಾಬಿ, "ಹೆಂಗ ಕೇಳಲಿ?" ಎಂದಳು.

ಸೂರ್ಯ ನೆತ್ತಿಯಿಂದ ಆಗಷ್ಟೇ ವಾಲಿದ್ದ. ದವಾಖಾನೆಯ ಹಿಂದೆ, ಗೋಡೆಯ ಮರೆಯಲ್ಲಿ, ಗಾಡಿಯ ಚಾಪೆ ಹಾಸಿದೆವು. ವಜೂ ಮಾಡಲು ನೀರು ಬೇಕಿತ್ತು. ಬಾವಿಯಿಂದ ಶಾಮಣ್ಣ ಸೇದಿ ತಂದ ನೀರು ನನ್ನ ತಂಬಿಗೆಯಲ್ಲಿತ್ತು. ಹಾಜರಾಬಿಗೆ ತಂಬಿಗೆ ಎತ್ತಲಾಗಲಿಲ್ಲ. ನಾನೇ ಹುಯ್ದೆ. ಕೈಗೆ, ಬಾಯಿಗೆ, ಮುಖಕ್ಕೆ, ತೋಳಿಗೆ, ಪಾದಕ್ಕೆ. ಆಕೆ ಸಾವಕಾಶವಾಗಿ ತೊಳೆದುಕೊಂಡಳು.

ಚಾಪೆಯ ಮೇಲೆ ನಿಂತಳು, ಬಾಗಿದಳು, ಕೂತಳು, ಹಣೆ ನೆಲಕ್ಕೆ ಇಟ್ಟಳು. ಪ್ರತಿ ಸಲ ಏಳುವಾಗಲೂ ನೋವಿಗೆ ತುಟಿ ಕಚ್ಚುತ್ತಿದ್ದಳು. ನಾನು ಎಡಗಡೆ ಗೋಡೆಗೆ ಒರಗಿ ಕೂತಿದ್ದೆ. ಏಳುವ ತ್ರಾಣ ನನಗೂ ಇರಲಿಲ್ಲ. ನಮಾಜು ಮುಗಿಸುವಾಗ ಮುಸಲ್ಮಾನರು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ, ಅಲ್ಲಿ ಇರುವವರಿಗೆ ಶಾಂತಿ ಕೋರುತ್ತಾರಂತೆ. ಅದು ನನಗೆ ಆಗ ಗೊತ್ತಿರಲಿಲ್ಲ. ಹಾಜರಾಬಿ ಮೊದಲು ಬಲಕ್ಕೆ ತಿರುಗಿದಳು. ಅಲ್ಲಿ ಬಿಸಿಲು, ಖಾಲಿ ಅಂಗಳ. ಆಮೇಲೆ ಎಡಕ್ಕೆ ತಿರುಗಿ, ನನ್ನನ್ನು ನೋಡಿ, ಆ ಶಾಂತಿಯ ಮಾತು ಹೇಳಿದಳು.